ನಾಲ್ಕನೇ ಕಾಲಂ

ಆ ಹೆಂಗಸು ಬಂದಾಗ ನಾನು ಗೇಟು ತೆರೆಯಲಿಲ್ಲ. ಒಳಗೇ ನಿಂತು, ಕನ್ನಡಕ ಏರಿಸಿಕೊಂಡು, "ಯಾರಮ್ಮ? ಯಾರು ಬೇಕಿತ್ತು?" ಎಂದೆ. ಬೆಳಿಗ್ಗೆ ಹತ್ತೂವರೆ. ಕೊಳ್ಳೇಗಾಲದ ನಮ್ಮ ಬೀದಿಗೆ ಆ ಹೊತ್ತಿನಲ್ಲಿ ಬರುವವರು ಒಂದೋ ಚಂದಾ ಕೇಳುವವರು, ಇಲ್ಲವೇ ಏನಾದರೂ ಮಾರುವವರು. ಇಬ್ಬರನ್ನೂ ಗೇಟಿನಿಂದಲೇ ವಾಪಸು ಕಳಿಸುವುದು ನಾನು ರಿಟೈರ್ ಆದ ಮೇಲೆ ಮಾಡಿಕೊಂಡ ರೂಲು.

"ನೀವೇ ಬೇಕು ಮೇಡಮ್ಮೋರೆ," ಎಂದಳು. ನಲವತ್ತರ ಆಸುಪಾಸಿನವಳು. ಆಶಾ ಕಾರ್ಯಕರ್ತೆಯರು ಉಡುವ ಗುಲಾಬಿ ಸೀರೆ, ಹೆಗಲಿಗೆ ಒಂದು ರೆಕ್ಸಿನ್ ಬ್ಯಾಗು. ಬ್ಯಾಗಿನಿಂದ ಸ್ಪೈರಲ್ ಬೈಂಡ್ ಮಾಡಿಸಿದ ಪುಸ್ತಕವೊಂದನ್ನು ತೆಗೆದು ಗೇಟಿನ ಸರಳುಗಳ ನಡುವೆ ತೂರಿಸಿದಳು. "ಇದು ನಿಮ್ದಾ?"

ನನ್ನದೇ. ಜೆರಾಕ್ಸಿನ ಜೆರಾಕ್ಸಾಗಿ ಅರ್ಧ ಅಳಿಸಿಹೋಗಿದ್ದರೂ ನನ್ನ ಕೈಬರಹ ನನಗೆ ಗೊತ್ತಾಗದೆ ಇರುತ್ತದೆಯೆ? ನನ್ನನ್ನು ಕರ್ಸಿವ್ ರೈಟಿಂಗಿನಲ್ಲಿ ಪಳಗಿಸಿದವರು ಮೈಸೂರಿನ ಕಾನ್ವೆಂಟಿನ ಸಿಸ್ಟರ್‌ಗಳು. ಅದೇ ಓರೆಯನ್ನು ನಾನು ಕನ್ನಡ ಅಕ್ಷರಗಳಿಗೂ ಕೊಟ್ಟಿದ್ದೆ. ಮೇಲೆ 'ಸಮಾಜ ವಿಜ್ಞಾನ: ಮುಖ್ಯ ಪದಗಳು' ಎಂದಿತ್ತು. ಅದರ ಕೆಳಗೆ ಯಾರೋ ಬೇರೆ ಕೈಯಲ್ಲಿ 'ಮೇಡಂ ನೋಟ್ಸ್, ನೂರಕ್ಕೆ ನೂರು' ಎಂದು ಸೇರಿಸಿದ್ದರು.

ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಗೇಟು ತೆರೆದೆ.

ಆ ನೋಟ್ಸಿನ ಕಥೆ ಇಷ್ಟು. ಒಂದನೇ ಕ್ಲಾಸಿನಿಂದ ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಜಗಳವಾಡಿ, ಇಂಗ್ಲಿಷಿನಲ್ಲೇ ಪ್ರೇಯರ್ ಹೇಳಿ ಬೆಳೆದ ನನಗೆ ಮದುವೆಯಾಗಿ ಬಂದ ಮೇಲೆ ಈ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಹಿಸ್ಟರಿ, ಸಿವಿಕ್ಸ್ ಹೇಳಿಕೊಡುವ ಕೆಲಸ ಸಿಕ್ಕಿತು. ಇಂಪೀರಿಯಲಿಸಂ ಎಂದು ತಲೆಯಲ್ಲಿ ಹೊಳೆಯುತ್ತಿತ್ತು, ಸಾಮ್ರಾಜ್ಯಶಾಹಿ ಎಂದು ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೇ ಒಂದು ಲಾಂಗ್ ನೋಟ್‌ಬುಕ್ಕಿಗೆ ಗೆರೆ ಹಾಕಿ ನಾಲ್ಕು ಕಾಲಂ ಮಾಡಿಕೊಂಡೆ. ಕನ್ನಡ ಪದ, ಇಂಗ್ಲಿಷ್ ಪದ, ಅರ್ಥ, ಕೊನೆಯದು 'ನಮ್ಮ ಕಡೆಯ ಉದಾಹರಣೆ'.

ಆ ಕೊನೆಯ ಕಾಲಮ್ಮೇ ನನ್ನ ಹೆಸರು ಉಳಿಸಿದ್ದು. ಮಿಕ್ಕ ಟೀಚರುಗಳು ಪುಸ್ತಕದಲ್ಲಿದ್ದ ಇಂಗ್ಲೆಂಡು, ಫ್ರಾನ್ಸನ್ನೇ ಉರು ಹೊಡೆಸುತ್ತಿದ್ದರು. ನನ್ನ ಮಕ್ಕಳಿಗೆ ಜಹಗೀರು ಎಂದರೆ ಯಳಂದೂರು. ಕೈಗಾರಿಕೀಕರಣ ಎಂದರೆ ಕುಂತೂರಿನ ಸಕ್ಕರೆ ಕಾರ್ಖಾನೆ, ವಾಣಿಜ್ಯ ಬೆಳೆ ಎಂದರೆ ಹೊನ್ನೂರಿನ ಕಬ್ಬು, ನಿರಾಶ್ರಿತರು ಎಂದರೆ ಒಡೆಯರಪಾಳ್ಯದ ಟಿಬೆಟನ್ನರು. ಗಡಿ ಸಂಸ್ಕೃತಿಗೆ ಹನೂರಿನಾಚೆಯ, ಮನೆಯಲ್ಲಿ ತಮಿಳು ಆಡಿ ಅಂಗಡಿಯಲ್ಲಿ ಕನ್ನಡ ಆಡುವ ಹಳ್ಳಿಗಳು. ಒಂದೊಂದು ಬೆಂಚಿನವರು ಒಂದೊಂದು ಸಾಲು ಎದ್ದು ನಿಂತು ಜೋರಾಗಿ ಓದಬೇಕು, ಮಿಕ್ಕವರು ಕೋರಸ್ಸಿನಲ್ಲಿ ಅದನ್ನೇ ಹೇಳಬೇಕು. ಮೂವತ್ತೊಂದು ವರ್ಷ ಹಾಗೇ ನಡೆಸಿದೆ. ನನ್ನ ಹಳೇ ಸ್ಟೂಡೆಂಟುಗಳೇ ಮೂರು ತಾಲ್ಲೂಕಿನಲ್ಲಿ ಟೀಚರುಗಳಾದರು, ನೋಟ್ಸನ್ನು ಹೊತ್ತುಕೊಂಡು ಹೋದರು.

"ಹದಿನೇಳ್ನೇ ಪುಟ ತಗೀರಿ," ಎಂದಳು ಹೆಂಗಸು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಮೇಲಿಂದ ನಾಕ್ನೇ ಸಾಲು. ಓದಿ."

ಯಾರು ಯಾರಿಗೆ ಓದು ಎನ್ನುವುದು! ಸಿಟ್ಟು ಬಂತು. ಆದರೂ ಕಣ್ಣು ಅಲ್ಲಿಗೆ ಹೋಯಿತು. 'ಇತಿಹಾಸಪೂರ್ವ ಜೀವನ. ಪ್ರೀಹಿಸ್ಟಾರಿಕ್ ಲೈಫ್. ಬರವಣಿಗೆ ಇಲ್ಲದ, ನಾಗರಿಕತೆ ಇನ್ನೂ ಮೂಡದ ಕಾಲದ ಮನುಷ್ಯರ ಬದುಕು.' ನಾಲ್ಕನೇ ಕಾಲಮ್ಮಿನಲ್ಲಿ: 'ಬಿಳಿಗಿರಿರಂಗನ ಬೆಟ್ಟದ ಸೋಲಿಗರು.'

"ಏನೀಗ?" ಎಂದೆ.

"ನಾವು ಸೋಲಿಗ್ರು."

"ಇದು ಟೆಕ್ಸ್ಟ್ ಬುಕ್ ಅಲ್ಲಮ್ಮ, ನೋಟ್ಸು. ಇದನ್ನೇ ಓದಿ ಅಂತ ಗವರ್ನಮೆಂಟು ಹೇಳಿಲ್ಲ. ಇಷ್ಟವಿಲ್ಲದಿದ್ದರೆ ಓದಬೇಡಿ."

"ಓದ್ದೆ ಇದ್ರ ಫೇಲು, ಓದುದ್ರ ಮಾನ ಓಯ್ತದ. ಯಾವ್ದ ಮಾಡ್ಲಿ, ನೀವೇ ಯೋಳಿ."

ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅವಳ ಮಗಳು ಯಳಂದೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಹತ್ತನೇ ಕ್ಲಾಸು ಓದುತ್ತಿದ್ದಾಳೆ. ಪಬ್ಲಿಕ್ ಪರೀಕ್ಷೆಗೆ ರಿವಿಷನ್ ನಡೆದಿದೆ. ಬೆಂಚಿನಿಂದ ಬೆಂಚಿಗೆ ಸಾಲು ಓದಿಸಿಕೊಂಡು ಬರುತ್ತಿದ್ದಾಗ ಈ ಸಾಲು ಸರಿಯಾಗಿ ಅವಳ ಪಾಲಿಗೇ ಬಂತು. ಎದ್ದು ನಿಂತವಳು ಬಾಯಿ ಬಿಡಲಿಲ್ಲ. ಮೇಷ್ಟ್ರು ಎರಡು ಸಲ ಓದು ಅಂದರು. ಹಿಂದಿನ ಬೆಂಚಿನಿಂದ ಯಾವನೋ, "ಓದೋದ್ಯಾಕ ಸಾ, ಎಗ್ಸಾಂಪಲ್ಲೇ ಎದ್ದು ನಿಂತದಲ್ಲ," ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರೂ ನಕ್ಕರಂತೆ. ಹುಡುಗಿ ಅವತ್ತೇ ಬೆಟ್ಟದ ಬಸ್ಸು ಹತ್ತಿ ಪೋಡಿಗೆ, ಅಂದರೆ ತಮ್ಮ ಹಾಡಿಗೆ, ಹೋದವಳು ವಾಪಸು ಬಂದಿಲ್ಲ.

"ಇನ್ ನಾಕು ದಿನ ಓಗ್ದೆ ಇದ್ರ ಅಟೆಂಡೆನ್ಸು ಸಾಲಾಕಿಲ್ಲ, ಆಲ್ ಟಿಕೆಟ್ಟು ಕೊಡಾಕಿಲ್ಲ ಅಂದವ್ರ ಆಪೀಸಲ್ಲಿ. ನಮ್ ಪೋಡಲ್ಲಿ ಹತ್ನೇ ಕ್ಲಾಸ್ಗಂಟ ಬಂದಿರ ಎಣ್ಕೂಸು ಇದೊಂದೇಯ."

"ನೀವೇ ಬುದ್ಧಿ ಹೇಳಿ ಕಳಿಸಬಹುದಲ್ಲ," ಎಂದೆ. "ಒಂದು ಸಾಲಿಗೆ ಯಾರಾದರೂ ಲೈಫ್ ಹಾಳು ಮಾಡಿಕೊಳ್ತಾರಾ? ಸಿಲ್ಲಿ."

ಆಗ ಅವಳು ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು. "ಯೋಳ್ದೆ. 'ಅವ್ವಾ, ನಿಂಗೂ ಅದ್ನೇ ಓದ್ಸಿದ್ರಾ' ಅಂತ ಕೇಳ್ತು. ಊಂ ಅಂದೆ. 'ನೀ ಏನ್ ಮಾಡ್ದೆ' ಅಂತು."

"ನೀವು... ನನ್ನ ಸ್ಟೂಡೆಂಟಾ?"

"ಒಂಬತ್ನೇ ಕ್ಲಾಸ್ಗಂಟ. ಕೊನೇ ಬೆಂಚು. ನನ್ ಪಾಲ್ಗೂ ಇದೇ ಸಾಲು ಬಂದಿತ್ತು."

"ಓದಿದಿರಾ?"

"ಓದ್ದೆ. ಗಟ್ಟಿಯಾಗಿ ಓದು ಅಂದ್ರಿ, ಗಟ್ಟಿಯಾಗೇ ಓದ್ದೆ. ನೀವು 'ಗುಡ್' ಅಂದ್ರಿ."

ಅವಳ ಮುಖ ನನಗೆ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳಲು ನಿಜಕ್ಕೂ ಒದ್ದಾಡಿದೆ. ಕೊನೆಯ ಬೆಂಚುಗಳು ನೆನಪಾದವು, ಅಲ್ಲಿ ಕೂತವರು ಆಗಲಿಲ್ಲ.

ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಆ ಕ್ಷಣಕ್ಕೆ ಬಂದದ್ದು ಕೋಪ. ಇಷ್ಟು ವರ್ಷ ಗಂಟಲು ಒಣಗಿಸಿಕೊಂಡು ಪಾಠ ಮಾಡಿದ್ದಕ್ಕೆ ಮನೆ ಬಾಗಿಲಿಗೆ ಬಂದು ಲೆಕ್ಚರ್ ಕೊಡುತ್ತಾಳಲ್ಲ ಎಂದು. "ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು," ಎಂದೆ. "ನಾನೊಬ್ಬಳೇ ಅಲ್ಲ."

"ಎಲ್ರ ಮನೆ ಬಾಗ್ಲಿಗೂ ಓಗಕಾಯ್ತದ? ಬುಕ್ಕಲ್ಲಿ ಇರದು ನಿಮ್ ಕೈಯಿ."

ಫೋನ್ ಮಾಡುತ್ತೇನೆ ಎಂದೆ. ಆ ಮೇಷ್ಟ್ರೂ ನನ್ನ ಹಳೇ ಸ್ಟೂಡೆಂಟೇ. ಯುಗಾದಿಗೂ ಟೀಚರ್ಸ್ ಡೇಗೂ ತಪ್ಪದೆ ಮೆಸೇಜು ಹಾಕುವವನು. ಅವಳ ಎದುರಿಗೇ ಸ್ಪೀಕರ್ ಹಾಕಿದೆ. ಕೂಡಲೇ ಕೆಲಸ ಆಗುತ್ತದೆ ಎಂಬ ಜಂಬ ನನಗೆ.

"ಅಯ್ಯೋ ಮೇಡಂ, ನಮಸ್ಕಾರ! ನಿಮ್ಮ ನೋಟ್ಸಿಂದಲೇ ನಮ್ಮ ಸ್ಕೂಲು ನಡೀತಿರೋದು," ಎಂದ.

ವಿಷಯ ಹೇಳಿದೆ. ಧ್ವನಿ ತಣ್ಣಗಾಯಿತು. "ಈ ಟೈಮಲ್ಲಿ ಚೇಂಜ್ ಮಾಡಿದ್ರೆ ಮಕ್ಳು ಕನ್‌ಫ್ಯೂಸ್ ಆಯ್ತಾರೆ ಮೇಡಂ. ಆ ಉಡ್ಗಿದು ಸ್ವಲ್ಪ ಕೊಬ್ಬು ಜಾಸ್ತಿ. ಫೆಸಿಲಿಟಿ ಎಲ್ಲ ಕೊಟ್ಟೂ ಕೊಟ್ಟೂ ಇಂಗಾಗವ್ಳೆ. ನೀವು ತಲೆ ಕೆಡಿಸ್ಕಬೇಡಿ, ಬಿಪಿ ಜಾಸ್ತಿ ಆಯ್ತದೆ."

ಫೋನಿಟ್ಟೆ.

"ಫೋನ್ನಲ್ಲಿ ಬ್ಯಾಡ," ಎಂದಳು. "ನಕ್ಕೋರು ಐಕ್ಳು. ಐಕ್ಳ ಮುಂದ ಬಂದು ಯೋಳಿ. ಯೋಳುದ್ರ ನನ್ ಕೂಸು ಕೂರ್ತದ, ಇಲ್ದೆ ಇದ್ರ ಇಲ್ಲ. ನಾಳ ಹತ್ಗಂಟ್ಗ ಸ್ಕೂಲ್ ಗೇಟ್ತಾವ ಇರ್ತೀವಿ. ಬಂದ್ರ ಬನ್ನಿ." ನೀರು ಬೇಕಾ ಎಂದು ಕೇಳಿದೆ. ಬೇಡ ಎಂದು ಹೋದಳು. ಪುಸ್ತಕವನ್ನು ಬಿಟ್ಟೇ ಹೋದಳು.

ಮರುದಿನ ಹೋಗಲೋ ಬೇಡವೋ ಎಂದು ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ. ಮಂಡಿನೋವು ಒಂದು ನೆಪ. ಆ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಮೂರನೆಯದನ್ನು ಹತ್ತಿದೆ. ದಾರಿಯುದ್ದಕ್ಕೂ ಕುಂತೂರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು. ಒಂದನ್ನು ಓವರ್‌ಟೇಕ್ ಮಾಡಿದರೆ ಮುಂದೆ ಇನ್ನೊಂದು. ಕಂಡಕ್ಟರು ಡ್ರೈವರಿಗೆ, "ಲೇ, ಇವರ್ ಇಂದಿಂದ ಓದ್ರೆ ಸಂಜ್ಗೇ ಕಣ್ಲಾ ಯಳಂದೂರು," ಎಂದು ಗೊಣಗುತ್ತಿದ್ದ. ನನಗೇನೂ ಅವಸರವಿರಲಿಲ್ಲ.

ಕಿಟಕಿ ಪಕ್ಕ ಕೂತವಳಿಗೆ ನಮ್ಮ ಹಿಸ್ಟರಿ ಸಿಸ್ಟರ್ ನೆನಪಾದರು. ಬಿಳಿಯ ತೋಳು, ನೀಲಿ ಕಣ್ಣು, ಎಷ್ಟು ಸಾಫ್ಟಾದ ಧ್ವನಿ! ಹೊಸ ಪದ ಬಂದಾಗಲೆಲ್ಲ ಕಿಟಕಿಯ ಬಳಿ ಹೋಗಿ, "ಲುಕ್ ಔಟ್‌ಸೈಡ್, ಗರ್ಲ್ಸ್," ಎಂದು ಹೊರಗಿನದನ್ನೇ ತೋರಿಸುತ್ತಿದ್ದರು. ಟ್ರೇಡ್ ಎಂದರೆ ಎತ್ತಿನ ಗಾಡಿ, ಮೊನಾರ್ಕಿ ಎಂದರೆ ದೂರದ ಅರಮನೆಯ ಗೋಪುರ. ನಾನು ಕಲಿತ ಉದಾಹರಣೆಯ ವಿದ್ಯೆ ಅದು. ಅವರನ್ನು ಇವತ್ತಿಗೂ ಪ್ರೀತಿಸುತ್ತೇನೆ. ಒಂದು ಶುಕ್ರವಾರ 'ಪೇಗನ್' ಎಂಬ ಪದ ಬಂತು, ನಿಜವಾದ ದೇವರನ್ನು ಅರಿಯದ ವಿಗ್ರಹಾರಾಧಕರು ಎಂದು. ಸಿಸ್ಟರ್ ರೂಲರ್ ಚಾಚಿ, ತೆಂಗಿನಕಾಯಿ ಹಿಡಿದು ಗುಡಿಗೆ ಹೋಗುತ್ತಿದ್ದ ಮುದುಕಿಯರನ್ನು ತೋರಿಸಿದರು. ಅದೇ ರಸ್ತೆಯಲ್ಲಿ ನಮ್ಮಜ್ಜಿಯೂ ಪ್ರತಿ ಶುಕ್ರವಾರ ಹೋಗುತ್ತಿದ್ದರು. ಅವತ್ತು ಆ ಗುಂಪಿನಲ್ಲಿದ್ದರೋ ಇಲ್ಲವೋ ನೋಡಲಿಲ್ಲ. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ನಕ್ಕು, ಮುದ್ದಾದ ಅಕ್ಷರದಲ್ಲಿ ಬರೆದುಕೊಂಡೆ.

ಶಾಲೆಯ ಗೇಟಿನ ಬಳಿ ತಾಯಿ, ಮಗಳು ಇಬ್ಬರೂ ಇದ್ದರು. ಹುಡುಗಿ ತಾಯಿಗಿಂತ ಎತ್ತರ. ಯೂನಿಫಾರಂ ಇಸ್ತ್ರಿಯಾಗಿತ್ತು, ಎರಡು ಜಡೆ ರಿಬ್ಬನ್ನಿನಲ್ಲಿ ಎತ್ತಿ ಕಟ್ಟಿತ್ತು, ಬೆನ್ನಿಗೆ ಬ್ಯಾಗಿತ್ತು. ನನಗೆ ನಮಸ್ಕಾರ ಹೇಳಲಿಲ್ಲ. "ಇವ್ರೇನಾ?" ಎಂದು ತಾಯಿಯನ್ನು ಕೇಳಿದಳು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ಗುಡ್ ಮಾರ್ನಿಂಗ್," ಎಂದೆ, ಬೇಕೆಂದೇ.

"ಹತ್ಕಾಲಾಗದ," ಎಂದಳು.

ಮೇಷ್ಟ್ರು ಕ್ಲಾಸಿನ ಬಾಗಿಲಲ್ಲೇ ತಡೆದ. ಮಕ್ಕಳ ಎದುರು ನಗುತ್ತಲೇ, ಹಲ್ಲಿನ ಸಂದಿಯಿಂದ ಮಾತಾಡಿದ. "ಏನ್ ಮೇಡಂ ಇದು? ಎಚ್ಚೆಮ್ಮಿಗೆ ಹೇಳ್ದೆ ಕೇಳ್ದೆ ಬಂದಿದೀರಿ."

"ಎರಡು ನಿಮಿಷ. ಒಂದು ಕರೆಕ್ಷನ್ ಹೇಳಿ ಹೋಗುತ್ತೇನೆ."

"ನೀವ್ ಕಲ್ಸಿದ್ದು ತಪ್ಪು ಅಂದ್ರೆ ನಾನ್ ಕಲ್ತಿದ್ದು ಏನಾಯ್ತು? ಇಷ್ಟು ವರ್ಷ ನಿಮ್ಮೆಸರು ಹೇಳ್ಕಂಡು ಪಾಠ ಮಾಡೀವ್ನಿ. ಈ ಐಕ್ಳ ಮುಂದೆ ನನ್ ಮರ್ಯಾದೆ ಏನ್ ಉಳೀತದೆ?"

"ನಕ್ಕೆಯಂತಲ್ಲ," ಎಂದೆ. "ಆಗ ಮರ್ಯಾದೆ ಎಲ್ಲಿತ್ತು?" ನನ್ನ ಧ್ವನಿ ಹಳೆಯ ಕ್ಲಾಸಿನ ಧ್ವನಿಯಾಗಿಬಿಟ್ಟಿತ್ತು. ಅವನು ಹಾಗೇ ಹಿಂದೆ ಸರಿದ, ಹದಿನಾಲ್ಕು ವರ್ಷದ ಹುಡುಗನ ಹಾಗೆ. ಸರಿದದ್ದಕ್ಕೇ ಇನ್ನಷ್ಟು ಕೆಂಪಾದ. ಅವನ ಆ ಮುಖ ಕಂಡು ನನಗೆ ಖುಷಿಯಾಯಿತು, ಅದೂ ನಿಜ.

ಮಕ್ಕಳು ಎದ್ದು ನಿಂತು ರಾಗವಾಗಿ ಗುಡ್ ಮಾರ್ನಿಂಗ್ ಹೇಳಿದರು. ಹುಡುಗಿ ಒಳಗೆ ಬರಲಿಲ್ಲ. ಬ್ಯಾಗು ಹೊತ್ತುಕೊಂಡು ಹೊಸ್ತಿಲ ಹೊರಗೇ ನಿಂತಳು, ಅವಳ ಹಿಂದೆ ತಾಯಿ.

"ಹದಿನೇಳನೇ ಪುಟ ತೆಗೀರಿ," ಎಂದೆ. "ನಾಲ್ಕನೇ ಸಾಲು. ಕೊನೇ ಕಾಲಮ್ಮಿನಲ್ಲಿರುವುದು ತಪ್ಪು. ಪೆನ್ನು ತಗೊಂಡು ಹೊಡೆದುಹಾಕಿ."

ಒಬ್ಬರೂ ಪೆನ್ನು ಎತ್ತಲಿಲ್ಲ. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಮುಂದಿನ ಬೆಂಚಿನ ಒಬ್ಬಳು, "ಒಡ್ದಾಕಿ ಏನ್ ಬರೀಬೇಕು ಮಿಸ್? ಖಾಲಿ ಬಿಟ್ರೆ ಮಾರ್ಕ್ಸ್ ಕೊಡಲ್ಲ," ಎಂದಳು.

"ಕಲ್ಲಿನ ಆಯುಧ ಮಾಡುತ್ತಿದ್ದ ಹಳೇ ಮನುಷ್ಯರು ಅಂತ ಬರೀರಿ. ಸೋಲಿಗರು ಅಲ್ಲ. ಅವರು ಈಗಿನವರು, ನಮ್ಮ ಹಾಗೇ. ಆಯ್ತಾ?" ನನಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು.

"ಯಾಕ್ ತಪ್ಪು ಅಂತ ಯೋಳ್ನಿಲ್ವಲ್ಲ," ಎಂದಳು ಹುಡುಗಿ ಹೊಸ್ತಿಲಿನಿಂದ.

"ಹೇಳಿದೆನಲ್ಲ."

"ನಮ್ಮ ಹಾಗೇ ಅಂದ್ರಿ, ಅಷ್ಟೇಯ. ಅದೇ ಬುಕ್ಕಲ್ಲಿ ಫಸ್ಟ್ ಪುಟದಲ್ಲಿ 'ಇತಿಹಾಸ' ಅನ್ನೋ ಪದಕ್ಕೆ ನೀವು ಏನ್ ಬರ್ದೀರಿ? ಆಧಾರ ಇಟ್ಕಂಡು ಬರೆಯೋದು, ಆಧಾರ ಇಲ್ದೆ ಬರೆದ್ರೆ ಅದು ಕಟ್ಟುಕಥೆ ಅಂತ. ನಮ್ ಸಾಲ್ಗ ಆಧಾರ ಏನಿತ್ತು? ನಮ್ ಪೋಡ್ಗ ಬಂದಿದ್ರಾ?"

ತಾಯಿ ಅವಳ ತೋಳು ಹಿಡಿದಳು. ಹುಡುಗಿ ಕೊಡವಿಕೊಂಡಳು.

ನಾನು ಬೆಟ್ಟಕ್ಕೆ ಎಷ್ಟೋ ಸಲ ಹೋಗಿದ್ದೆ. ಮನೆಯವರ ಜೊತೆ, ಸ್ಟಾಫಿನ ಜೊತೆ, ಪಿಕ್‌ನಿಕ್ಕಿಗೆ. ದೇವರ ದರ್ಶನ ಮಾಡಿ, ವ್ಯೂ ನೋಡಿ, ಪುಳಿಯೋಗರೆ ತಿಂದು ಇಳಿದು ಬರುತ್ತಿದ್ದೆವು. ದಾರಿ ಬದಿಯಲ್ಲಿ ಜೇನು ಮಾರುತ್ತಿದ್ದ ಹೆಂಗಸರನ್ನು ಜೀಪಿನಿಂದಲೇ ನೋಡಿದ್ದೆ. ಅಷ್ಟೇ ನನ್ನ ರಿಸರ್ಚು. ಮನೆಯ ಊಟದ ಟೇಬಲ್ಲಿನಲ್ಲಿ ಕೂತು, ಇತಿಹಾಸಪೂರ್ವಕ್ಕೆ ನಮ್ಮ ಕಡೆ ಯಾರಿದ್ದಾರೆ ಎಂದು ಯೋಚಿಸಿ, ಒಂದು ನಿಮಿಷವೂ ಆಗದೆ ಬರೆದಿದ್ದೆ.

"ಬಂದಿರಲಿಲ್ಲ," ಎಂದೆ. "ಆಧಾರ ಇರಲಿಲ್ಲ."

"ಮತ್ತ ಯಾಕ್ ಬರದ್ರಿ?"

"ಕಾಲಂ ಖಾಲಿ ಇತ್ತು."

ಯಾರೋ ಕಿಸಕ್ಕೆಂದರು. ನನ್ನನ್ನು ನೋಡಿ ಕ್ಲಾಸೊಂದು ನಕ್ಕದ್ದು ನನ್ನ ಇಡೀ ಸರ್ವೀಸಿನಲ್ಲಿ ಅದೇ ಮೊದಲು. ಡಸ್ಟರ್ ಹಿಡಿದುಕೊಂಡೆ.

ಹುಡುಗಿ ಒಳಗೆ ಬಂದಳು. ನನ್ನ ಕಡೆಗಲ್ಲ, ಬೆಂಚುಗಳ ಕಡೆಗೆ ತಿರುಗಿ ಹೇಳಿದಳು. "ಇಪ್ಪತ್ಮೂರ್ನೇ ಪುಟ ತಗೀರಿ. 'ಸ್ಥಳಾಂತರ' ಅಂತ ಅದಲ್ಲ, ಜನ್ರನ್ನ ಅವ್ರ ನೆಲದಿಂದ ಎಬ್ಬಿಸಿ ಬೇರೆ ಕಡೆ ಇರ್ಸೋದು ಅಂತ. ಅದ್ಕ ಇವ್ರು ನಾಕ್ನೇ ಕಾಲಮ್ಮಲ್ಲಿ ಗೀಟು ಎಳ್ದವ್ರ. ನಮ್ ಕಡೆ ಉದಾಹರಣೆ ಇಲ್ವಂತ. ಅಲ್ಲಿ ಬರ್ಕಳಿ, ಬೆಟ್ಟದ ಸೋಲಿಗ್ರು. ಆಧಾರ ಬೇಕಾ? ನಮ್ಮಜ್ಜಿ ಅದ. ಕಾಡೊಳಗ ಯಾವ ಕುಲದ ಎಲ್ಲೆ ಯಾವ ಮರದಿಂದ ಯಾವ ಹಳ್ಳದ ಗಂಟ ಅಂತ ಇವತ್ಗೂ ಯೋಳ್ತದ. ಎಲ್ಲಿಂದ ಎಬ್ಬುಸುದ್ರು ಅಂತಾನೂ ಯೋಳ್ತದ."

"ಅದೆಲ್ಲ ಪಾಲಿಟಿಕ್ಸು, ಬೇಡ," ಎಂದ ಮೇಷ್ಟ್ರು. "ಯಾರೂ ಬರೀಬ್ಯಾಡಿ. ಎಕ್ಸಾಮಲ್ಲಿ ಬರಲ್ಲ ಇದು."

ಪುಟ ತಿರುವಿ ನೋಡಿದೆ. ಗೀಟು ಇತ್ತು. ಸ್ಕೇಲು ಇಟ್ಟು ನೀಟಾಗಿ ಎಳೆದ ಗೀಟು. ಆ ಸಾಲಿಗೆ ಉದಾಹರಣೆ ಸಿಗದೆ ಆ ದಿನ ನಾನು ಪಟ್ಟ ಬೇಜಾರೂ ನೆನಪಾಯಿತು. ಹತ್ತು ಮೈಲಿ ಆಚೆ ಬೆಟ್ಟ ಕಾಣುತ್ತಿತ್ತು, ಕೊಳ್ಳೇಗಾಲದ ನಮ್ಮ ಶಾಲೆಯ ಮೇಲ್ಮಹಡಿಗೆ ಹೋದರೆ.

"ಬರೀರಿ," ಎಂದೆ ಮಕ್ಕಳಿಗೆ. "ಬರೀಬಹುದು."

ಕೆಲವರು ಬರೆದರು. ಕೆಲವರು ಮೇಷ್ಟ್ರ ಮುಖ ನೋಡಿ ಪೆನ್ನು ಇಟ್ಟರು. ಹಿಂದಿನ ಬೆಂಚಿನಲ್ಲಿ ಒಬ್ಬ ಕೈ ಕಟ್ಟಿಕೊಂಡು ಕೂತಿದ್ದ. ಅವತ್ತು ನಗಿಸಿದವನು ಅವನೇ ಇರಬೇಕು ಎಂದುಕೊಂಡೆ. ಅವನನ್ನು ಎಬ್ಬಿಸಿ ಸಾರಿ ಹೇಳಿಸೋಣ ಎಂದು ಒಂದು ಹೆಜ್ಜೆ ಇಟ್ಟೆ.

"ಅವನ್ನ ಬುಡಿ," ಎಂದಳು ಹುಡುಗಿ. ಎರಡನೇ ಬೆಂಚಿನ ತುದಿಯಲ್ಲಿ ಬ್ಯಾಗು ಇಟ್ಟು, ಪಕ್ಕದವಳನ್ನು ಒಳಗೆ ಸರಿಸಿ ಕೂತಿದ್ದಳು. "ಅವ ನಿಮ್ ಬುಕ್ಕು ಓದೇ ಅವತ್ತು ಅಂಗ ಅಂದುದ್ದು."

ಮೇಷ್ಟ್ರು ಬೇರೆ ದಾರಿ ಕಾಣದೆ ಅಟೆಂಡೆನ್ಸ್ ರಿಜಿಸ್ಟರ್ ತೆಗೆದ. ನಂಬರು ಕೂಗುತ್ತಾ ಬಂದ. ಅವಳ ನಂಬರು ಬಂದಾಗ ತಲೆ ಎತ್ತದೆ ಕೂಗಿದ.

"ಪ್ರೆಸೆಂಟ್ ಸಾ."

ಅವನ ಪೆನ್ನು ರಿಜಿಸ್ಟರಿನ ಮೇಲೆ ಆಡಿದ್ದನ್ನು ನೋಡಿದೆ. ಹಾಲ್ ಟಿಕೆಟ್ಟು ಸಿಗುತ್ತದೆ. ನಾನು ಡಸ್ಟರ್ ಹಿಡಿದುಕೊಂಡೇ ನಿಂತಿದ್ದೆ. ಒಂದು ಥ್ಯಾಂಕ್ಸೋ, ಒಂದು ನಗುವೋ ಬರಬಹುದು ಎಂದು ಕಾದೆನೇನೋ. ಎಷ್ಟು ವಯಸ್ಸಾದರೂ ಟೀಚರುಗಳಿಗೆ ಅದರ ಚಟ ಹೋಗುವುದಿಲ್ಲ.

ಹುಡುಗಿ ನೋಟ್‌ಬುಕ್ಕು ಬಿಡಿಸಿ, ಪೆನ್ನಿನ ಕ್ಯಾಪು ತೆಗೆದು ನನ್ನತ್ತ ನೋಡಿದಳು. "ಪೀರಿಯಡ್ ಓಯ್ತಾ ಅದ ಮೇಡಂ. ನೀವು ಒಂಟ್ರ ಸಾರು ಪಾಠ ಶುರು ಮಾಡ್ತಾರ."

ಡಸ್ಟರನ್ನು ಟೇಬಲ್ಲಿನ ಮೇಲಿಟ್ಟು ಹೊರಗೆ ಬಂದೆ. ವೆರಾಂಡದಲ್ಲಿ ತಾಯಿ ಇರಲಿಲ್ಲ. ಗೇಟಿನ ಬಳಿಯೂ ಇರಲಿಲ್ಲ. ಅಟೆಂಡರನ್ನು ಕೇಳಿದರೆ, "ಆಗ್ಲೇ ಒಂಟೋದ್ಲು ಕಣಮ್ಮ, ಬೆಟ್ಟದ್ ಬಸ್ ಬಂದಿತ್ತು," ಎಂದ.